ಎರಡು ವಿಭಾಗಗಳ ನಡುವಿನ ಮೇಜು

ಡಿಸೆಂಬರ್ 2, ಬೆಳಿಗ್ಗೆ
ಎಂದಿನಂತೆ ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿರುವ ನನ್ನ ಮೇಜು ಒರೆಸಿದೆ. ಎಡಕ್ಕೆ ಜೀವಶಾಸ್ತ್ರ, ಬಲಕ್ಕೆ ಅಂತರರಾಷ್ಟ್ರೀಯ ಸಂಬಂಧ, ನಡುವೆ ನಾನು. ಕಡಲಂಚಿನ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕೆಸರು ಅಳೆಯುತ್ತೇನೆ. ಆ ಕಾಡನ್ನು ಉಳಿಸಲು ಹವಾಮಾನ ಸಮ್ಮೇಳನಗಳಲ್ಲಿ ಒಪ್ಪಂದದ ಕರಡು ಬರೆಯುತ್ತೇನೆ. ವಿಷಯ ಸುಸ್ಥಿರತೆ. ಕೆಲಸ ಮಾತ್ರ ಅಸ್ಥಿರ — ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತದೆ. ಕಾಯಂ ಹುದ್ದೆಯ ಬಗ್ಗೆ ಶುಕ್ರವಾರ ಸಮಿತಿ ಕೂರುತ್ತದೆ.

ಡಿಸೆಂಬರ್ 3
ಜೀವಶಾಸ್ತ್ರದ ಮುಖ್ಯಸ್ಥ ಡಾನ್ ಎಲಾಡಿಯೊ — ಹಿರಿಯರನ್ನು ನಾವಿಲ್ಲಿ ಡಾನ್, ಡೋನಾ ಎಂದೇ ಕರೆಯುವುದು — ಕಾಫಿ ಸೋಸುತ್ತ, "ಯಾಮಿಲೆತ್, ನೀನು ಚಿನ್ನದಂಥವಳು ಕಣಮ್ಮ. ಆದ್ರೆ ಆ ಕಡೆ ವಿಭಾಗದ ಚಿನ್ನ" ಎಂದರು.
ಆ ಕಡೆಗೆ ಹೋದೆ. ಅಲ್ಲಿಯ ಮುಖ್ಯಸ್ಥೆ ಡೋನಾ ಮರೀಟ್ಸಾ ನನ್ನ ಬೂಟು ನೋಡಿದರು. "ಇಷ್ಟು ಕೆಸರು ಮೆತ್ಕೊಂಡಿದ್ದೀಯ. ನೀನು ಎಲಾಡಿಯೊ ಸೊತ್ತು ಕಣೇ."
ಎರಡು ಜ್ಞಾನಶಿಸ್ತುಗಳ ನಡುವೆ ನಿಂತವಳು ಅಶಿಸ್ತಿನವಳು, ಅಷ್ಟೇ.
ಅಮ್ಮ ಫೋನಿನಲ್ಲಿ: "ಅಷ್ಟೊಂದು ದೇಶಗಳನ್ನ ಒಪ್ಪಿಸ್ತೀಯಂತೆ. ಇಬ್ರನ್ನ ಒಪ್ಪಿಸೋಕಾಗಲ್ವೇನೆ?"

ಡಿಸೆಂಬರ್ 5, ಸಂಜೆ
ನಾನು ಯಾರ ವಿಭಾಗದವಳೆಂದು ಸಮಿತಿಯಲ್ಲಿ ಮಧ್ಯಾಹ್ನದವರೆಗೂ ಮುಖ್ಯಸ್ಥರಿಬ್ಬರ ಜಗಳ. ಕೊನೆಗೆ ಸಮಿತಿಯ ಅಧ್ಯಕ್ಷೆ ನನ್ನನ್ನೇ ಒಳಗೆ ಕರೆದರು. "ನಿಮ್ಮ ಸಮ್ಮೇಳನದಲ್ಲಿ ಹೀಗಾದ್ರೆ ಏನ್ಮಾಡ್ತೀರಿ?"
"ಜಗಳ ಆಡೋರನ್ನ ಕಾರಿಡಾರಿಗೆ ಕಳಿಸ್ತೀವಿ. ರಾಜಿಯಾಗೋ ತನಕ ವಾಪಸ್ ಬರೋ ಹಾಗಿಲ್ಲ."
"ಆಮೇಲೆ?"
"ಆಕ್ಷೇಪಣೆ ಇದೆಯಾ ಅಂತ ಕೇಳಿ ಸುತ್ತಿಗೆ ಬಡಿಯೋದು. ಸುಮ್ನಿದ್ದೋರೆಲ್ಲ ಒಪ್ಪಿದ ಹಾಗೆ."
ಇಬ್ಬರೂ ಹೊರಗೆ ಹೋಗಿ ನನ್ನ ಮೇಜಿನ ಮೇಲೆಯೇ ಕೂತರು. ಒಳಗೆ ಕ್ರಿಸ್‌ಮಸ್ ತಮಾಲೆ ಬಂತು, ಬಾಳೆಲೆಯಲ್ಲಿ ಬೇಯಿಸಿದ ಮೆಕ್ಕೆಜೋಳದ ಕಡುಬು. ಬಾಳೆಲೆ ಬಿಚ್ಚಿದೆ... ಇಬ್ಬರೂ ನಗುತ್ತ ಬಂದರು. ಆ ನಗು ಗೊತ್ತು ನನಗೆ — ಮೂರನೆಯವರ ಖರ್ಚಿನಲ್ಲಿ ರಾಜಿಯಾದವರ ನಗು.
"ಕಾಯಂ ಮಾಡ್ಕೊಳ್ಳೋಣ. ಎರಡೂ ಕಡೆ ಪೂರ್ತಿ ಪಾಠ ಮಾಡ್ಲಿ," ಎಂದರು ಡಾನ್ ಎಲಾಡಿಯೊ.
"ಸಂಬಳ ಒಂದೇ," ಎಂದರು ಡೋನಾ ಮರೀಟ್ಸಾ.
"ಆಕ್ಷೇಪಣೆ?"
ನನ್ನ ಬಾಯಿ ತುಂಬ ತಮಾಲೆ. ಎರಡೂ ಕೈಯಲ್ಲಿ ಬಾಳೆಲೆ. ಸುತ್ತಿಗೆಯಿಲ್ಲದೆ ಅಧ್ಯಕ್ಷೆ ಚಮಚ ಬಡಿದರು.

ಡಿಸೆಂಬರ್ 6
ಕಾಯಂ. ಅಮ್ಮ ಅಕ್ಕಪಕ್ಕದವರಿಗೆಲ್ಲ ಹೇಳಿಯಾಯಿತು. ಎರಡರಷ್ಟು ಪಾಠದ ಸುದ್ದಿ ನಾನು ಅವಳಿಗೆ ಹೇಳಲಿಲ್ಲ.

ಮಾರ್ಚ್, ಮೊದಲ ಸೋಮವಾರ, ಬೆಳಿಗ್ಗೆ
ವೇಳಾಪಟ್ಟಿಯಲ್ಲಿ ನನ್ನ ಎರಡೂ ತರಗತಿ ಒಂದೇ ಹೊತ್ತಿಗೆ. ತಿದ್ದಿಸಲಿಲ್ಲ. ಕರಿಗಡುಬಿನಂಥ ಬಿಸಿ ಎಂಪನಾಡ ತಂದು ಮುಖ್ಯಸ್ಥರಿಬ್ಬರಿಗೂ ಕೊಟ್ಟೆ. ಬಾಯಿಗಿಡುವವರೆಗೆ ಕಾದೆ. "ಎರಡೂ ತರಗತಿ ಕೂಡಿಸಿ ಕಾಂಡ್ಲಾ ಕಾಡಲ್ಲೇ ಪಾಠ ಮಾಡ್ತೀನಿ. ಆಕ್ಷೇಪಣೆ?"
ಡಾನ್ ಎಲಾಡಿಯೊ ಕೈ ಎತ್ತುವಷ್ಟರಲ್ಲಿ ನಾನು ಮೇಜು ಕುಟ್ಟಿಯಾಗಿತ್ತು.
ಬಸ್ಸು ತುಂಬಿದೆ. ಡೋನಾ ಮರೀಟ್ಸಾ ತಾವೂ ಬರುತ್ತಾರಂತೆ, ಬೂಟು ಕೇಳುತ್ತಿದ್ದಾರೆ. ಅವರ ಕಾಲಿಗೆ ಆಗುವಂಥದ್ದು ಡಾನ್ ಎಲಾಡಿಯೊ ಹತ್ತಿರ ಮಾತ್ರ ಇದೆ, ಅವರು ಕೊಡುವುದಿಲ್ಲವಂತೆ. ಇಬ್ಬರನ್ನೂ ಕಾರಿಡಾರಿಗೆ ಕಳಿಸಿ ಬರಬೇಕು.