ಯಾವ ಭಾವನ ಗೆರೆ?

ಮನೆಯಿಂದ,
ನವೆಂಬರ್ ೧೪, ಗುರುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮೆಟ್ಟಿಲು ಹತ್ತಿದರೆ ಏದುಸಿರು ಬರುವುದಿಲ್ಲ ತಾನೆ? ಸುರಂಗದೊಳಗೆ ಫೋನ್ ಸಿಗುವುದಿಲ್ಲವೆಂದು ಗೊತ್ತಿದ್ದೂ ಬೆಳಿಗ್ಗೆಯಿಂದ ಒತ್ತುತ್ತಲೇ ಇದ್ದೇನೆ.

ಆಗಸ್ಟ್ ಹನ್ನೆರಡರಂದು ನಮ್ಮ ಬೀದಿಯ ಕೊನೆಯಲ್ಲಿರುವ ಪರೀಕ್ಷಾ ಕೇಂದ್ರದವರು ನಮ್ಮವರ ಎದೆಗೆ ಬೇರೆಯವರ ಕಾಯಿಲೆ ಅಂಟಿಸಿ ಕಳಿಸಿದರು. ನೆನಪಿದೆಯಲ್ಲ, ಸುರಂಗದ ಕೆಲಸಕ್ಕೆ ಸೇರುವ ಮುನ್ನ ಇ.ಸಿ.ಜಿ. ಮಾಡಿಸಲು ಹೊರಟ ನೀನು ‘ನೀವೂ ಬನ್ನಿ ಭಾವ, ಒಬ್ಬನಿಗೆ ಬೇಜಾರು’ ಎಂದು ಇವರನ್ನೂ ಎಳೆದುಕೊಂಡು ಹೋದೆ. ನಿನ್ನ ಕೈಗೆ ಬಂದ ಕಾಗದದಲ್ಲಿ ಎಲ್ಲ ಸರಿಯಿತ್ತು, ನೀನು ಹೊರಟೆ. ಇವರ ಕೈಗೆ ಬಂದದ್ದರಲ್ಲಿ ಹೃದಯಕ್ಕೆ ಹಿಂದೆಂದೋ ಏಟು ಬಿದ್ದ ಗುರುತು. ಕೇಂದ್ರದ ವೈದ್ಯರು ಮುಖ ನೋಡದೆ ಗೆರೆ ನೋಡಿ ‘ಇನ್ನು ಏಣಿ ಹತ್ತಬೇಡಿ’ ಎಂದರು. ಏಣಿ ಹತ್ತದ ಬಣ್ಣ ಬಳಿಯುವವನೆಂದರೆ ನೀರಿಗಿಳಿಯದ ಅಂಬಿಗ! ಅಂದಿನಿಂದ ಮನುಷ್ಯ ಕುರ್ಚಿ ಬಿಟ್ಟು ಏಳಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು ‘ಒಂದು ಬಡಿತ ತಪ್ತು ನೋಡೇ’ ಎನ್ನುವರು. ‘ತಪ್ಪಿದ್ದು ನಿಮ್ಮ ಲೆಕ್ಕ, ಸುಮ್ನೆ ಮಲಗಿ’ ಎಂದು ನಾನು. ಎದುರಿಗೆ ನಗುತ್ತಿದ್ದೆ, ರಾತ್ರಿ ಎದ್ದು ಅವರ ಉಸಿರು ಎಣಿಸುತ್ತಿದ್ದೆ.

ಗ್ರಂಥಾಲಯದಿಂದ ಪುಸ್ತಕ ತಂದು ಓದಿದೆ. ಆ ಗೆರೆ ಹೃದಯದೊಳಗಿನ ವಿದ್ಯುತ್ತಿನ ನಡಿಗೆ, ಅಷ್ಟೇ. ಅದೊಂದನ್ನೇ ಹಿಡಿದು ತೀರ್ಪು ಕೊಡಬಾರದು, ಸಂಶಯವಿದ್ದರೆ ಮತ್ತೆ ತೆಗೆಯಬೇಕು ಎಂದು ಮೊದಲ ಅಧ್ಯಾಯದಲ್ಲೇ ಇದೆ. ಆ ಪಾಠದ ದಿನ ಕೇಂದ್ರದವರೆಲ್ಲ ರಜೆ ಹಾಕಿದ್ದರೋ ಏನೋ. ನಿನ್ನೆ ಹಠ ಹಿಡಿದು ಇವರನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ವೈದ್ಯೆ ಹೊಸ ಗೆರೆ ತೆಗೆದು, ಹೃದಯದ ಸ್ಕ್ಯಾನನ್ನೂ ಮಾಡಿ, ಎರಡು ಕಾಗದ ಪಕ್ಕಪಕ್ಕ ಇಟ್ಟರು. ‘ಇವರ ಹೃದಯ ಗಟ್ಟಿಯಾಗಿದೆ ಅಮ್ಮಾ. ಇಂಥ ಗುರುತು ಸಾಮಾನ್ಯವಾಗಿ ಮಾಯ ಆಗಲ್ಲ. ಈ ಹಳೇದು ಇವರದ್ದೇನಾ?’ ಎಂದು ಕಾಗದ ತಿರುಗಿಸಿದರು. ಹೆಸರಿಲ್ಲ, ವಯಸ್ಸಿಲ್ಲ. ಮೂಲೆಯಲ್ಲಿ ಪೆನ್ನಿನಿಂದ ಗೀಚಿದ ಒಂದೇ ಪದ: ಭಾವ.

ಅಣ್ಣಾ, ನೀನೂ ಅವರನ್ನು ಭಾವ ಅನ್ನುತ್ತೀಯ, ಅವರೂ ನಿನ್ನನ್ನು ಭಾವ ಅನ್ನುತ್ತಾರೆ. ‘ನೀವು ಮೊದಲು ಮಲಗಿ ಭಾವ’, ‘ಇಲ್ಲ ಭಾವ, ನೀವೇ’ ಎಂದು ಮಂಚದ ಮುಂದೆ ಮದುವೆಮನೆಯಂತೆ ಉಪಚಾರ ಮಾಡಿಕೊಂಡಿರಂತೆ. ಪರೀಕ್ಷೆ ಮಾಡಿದವನು ಕಿವಿಗೆ ಬಿದ್ದದ್ದನ್ನೇ ಎರಡೂ ಕಾಗದದ ಮೇಲೆ ಬರೆದಿರಬೇಕು.

ಇವತ್ತು ಬೆಳಿಗ್ಗೆ ಕೇಂದ್ರದ ಮೇಲ್ವಿಚಾರಕನ ಎದುರು ನಿಂತೆ. ‘ನಮ್ಮ ಮಶೀನು ತಪ್ಪು ಮಾಡಲ್ಲ ಮೇಡಂ’ ಎಂದ. ‘ನಿಮ್ಮ ಮಶೀನಿಗೆ ಭಾವ ಯಾರು, ಭಾಮೈದ ಯಾರು ಗೊತ್ತಾಗುತ್ತೇನಪ್ಪಾ?’ ಎಂದೆ. ಅದೇ ಕಟ್ಟಡದಲ್ಲಿ ಹಿಂದೆ ಅಂಚೆ ಕಚೇರಿಯಿತ್ತಲ್ಲ, ಆಗಲೂ ನಮ್ಮ ಕಾಗದ ಪಕ್ಕದ ಬೀದಿಗೆ ಹೋಗುತ್ತಿತ್ತು. ಆಗ ತಪ್ಪಿ ಹೋಗುತ್ತಿದ್ದದ್ದು ಸುದ್ದಿ, ಈಗ ಜೀವ.

ಇವರು ಬಣ್ಣದ ಬಕೆಟ್ ತೊಳೆಯುತ್ತಿದ್ದಾರೆ. ಶಿಳ್ಳೆ ಹಾಕಲು ಹೋಗಿ, ನನ್ನ ಮುಖ ನೋಡಿ ನಿಲ್ಲಿಸಿದರು.

ಜೊತೆಯವರಿಗೆಲ್ಲ ನಮಸ್ಕಾರ ತಿಳಿಸು. ನೂರು ಕಾಲ ನನ್ನ ಜೊತೆ ಜಗಳವಾಡಿಕೊಂಡಿರು.

ನೀನೇ ಹೆಸರಿಟ್ಟ,
ಗುಂಡುಸೂಜಿ

ತಾ.ಕ.: ನಿಮ್ಮ ಸುರಂಗಕ್ಕೆ ಸಿಮೆಂಟ್ ತರುವ ಲಾರಿಯವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಈ ಕಾಗದ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಆ ಏಟಿನ ಗುರುತು ನಿನ್ನದಿರಬಹುದು ಅಣ್ಣಾ. ಮತ್ತೆ ತೆಗೆಸದೆ ಯಾರೂ ಹೇಳುವಂತಿಲ್ಲ. ಇದೇ ಲಾರಿ ಹತ್ತಿ ಬಾ, ಅಲ್ಲಿಯವರೆಗೆ ಒಂದು ಕಲ್ಲನ್ನೂ ಎತ್ತಬೇಡ. ನಿಮ್ಮ ಸುರಂಗದ ಕಂಪನಿಯ ಕಚೇರಿಗೂ ಫೋನ್ ಮಾಡಿದೆ, ‘ತಿಳಿಸ್ತೀವಿ’ ಅಂದಿದ್ದಾರೆ, ನಾನು ನಂಬಿ ಕೂರುವವಳಲ್ಲ. ಮೇಸ್ತ್ರಿ ಬೈದರೆ ನನ್ನ ಹೆಸರು ಹೇಳು. ಕೇಂದ್ರದವರಿಗೂ ಹೇಳಿ ಬಂದಿದ್ದೇನೆ: ನಗುವ ಹೃದಯದ ಚಿತ್ರವಿರುವ ಅವರದೇ ಬೋರ್ಡಿನ ಕೆಳಗೆ, ಬೀದಿಯವರೆಲ್ಲ ಓದುವಂತೆ ಉತ್ತರ ಬರೆಯಲಿ. ಆಗಸ್ಟ್ ಹನ್ನೆರಡರಂದು ಯಾರ ಗೆರೆಯನ್ನು ಯಾರ ಕೈಗೆ ಕೊಟ್ಟರು? ಆ ದಿನ ಬಂದಿದ್ದ ಮಿಕ್ಕವರನ್ನು ಯಾವಾಗ ಮತ್ತೆ ಕರೆಯುತ್ತಾರೆ?