ಹೀಟರ್ ಲೈನಿಗೆ ಹಾಕಿದ ಬೀಗ

ಅಪ್ಪ,

ಹೀಟರ್ ಆನ್ ಮಾಡೋಕೆ ಹೋಗಬೇಡಿ. ಮೇನ್ ಬೋರ್ಡಿನಲ್ಲಿ ಆ ಲೈನ್ ಆಫ್ ಮಾಡಿ ಬೀಗ ಹಾಕಿದ್ದೀನಿ. ಕೀ ನನ್ನ ಜೊತೆ ಬ್ಯೂನಾ ವಿಸ್ಟಾದ ಕೆಲಸದ ಸೈಟಿಗೆ ಬರುತ್ತೆ. ಫ್ರಿಜ್, ಫ್ಯಾನ್ ನಡೆಯುತ್ತೆ.

ಅಮ್ಮನ ಸ್ನಾನಕ್ಕೆ ಗ್ಯಾಸ್ ಮೇಲೆ ನೀರು ಕಾಯಿಸಿ ಕೊಡಿ. ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಅಂತ ಅವಳು ಹೇಳಿದ್ದು ಭ್ರಮೆ ಅಲ್ಲ. ನೀವು ಹೀಟರಿಗೆ ಅರ್ತ್ ವೈರೇ ಸೇರಿಸಿಲ್ಲ, ಟೇಪ್ ಸುತ್ತಿ ಒಳಗೆ ತುರುಕಿದ್ದೀರ.

‘ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಅಂಕಲ್ ಬಂದು ಮಾಡಿಕೊಟ್ಟು ಹೋದ್ರು’ ಅಂದ್ರಿ. ಆ ಅಂಕಲ್ ಯಾರು ಅಂತ ನಿಮ್ಮ ಡ್ರಾಯರ್ ತೆಗೆದಾಗ ಗೊತ್ತಾಯ್ತು. ವೈರಿಂಗ್ ಸರಿಯಾಗಿದೆ ಅನ್ನೋ ಸರ್ಟಿಫಿಕೇಟಲ್ಲಿ ನನ್ನ ಹೆಸರು, ನನ್ನ ಲೈಸೆನ್ಸ್ ನಂಬರ್, ನಿಮ್ಮ ಕೈಬರಹದಲ್ಲಿ ನನ್ನ ಸೈನ್. ಲೈಸೆನ್ಸ್ ಬಂದ ದಿನ ‘ನನ್ನ ಮಗಳು’ ಅಂತ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ಕಲ್ಲಿ ಕೂತಿದ್ದವರಿಗೆಲ್ಲ ಮೈಸೂರ್ ಪಾಕ್ ಹಂಚಿದ್ರಲ್ಲ, ಇದಕ್ಕೇನಾ? ಒಂದು ಮಾತು ಕೇಳಿದ್ರೆ ಭಾನುವಾರ ನಾನೇ ಮಾಡಿಕೊಡ್ತಿದ್ದೆ.

ಆ ಕಾಗದ ನನ್ನ ಬ್ಯಾಗಲ್ಲಿದೆ, ಹುಡುಕಬೇಡಿ. ಸಂಜೆ ಬಂದು ವೈರೆಲ್ಲ ಕಿತ್ತು ಹೊಸದಾಗಿ ಎಳೀತೀನಿ. ಟಾರ್ಚ್ ಹಿಡಿಯೋಕೆ ಬರೋದು ಬೇಡ.

ಬೀಗಕ್ಕೆ ‘ಆನ್ ಮಾಡಬೇಡಿ’ ಅನ್ನೋ ಕೆಂಪು ಟ್ಯಾಗ್ ಕಟ್ಟಿ ಸೈನ್ ಮಾಡಿದ್ದೀನಿ. ಈ ಮನೆಯ ವೈರಿಂಗಿಗೆ ನಾನು ಮಾಡಿರೋ ಸೈನ್ ಅದೊಂದೇ.