ಎತ್ತು ನೋಡಲು ಹೋದ ಭಾನುವಾರಗಳು

ಭಾವನವರಿಗೆ,

ನೀವು ಹೋಗಿ ವರ್ಷವಾಗುತ್ತ ಬಂತು. ನೀವಿರುವ ಊರಿಗೆ ಯಾವ ಬಸ್ಸು, ಎಲ್ಲಿ ಇಳಿಯಬೇಕು, ನನಗೆ ತಿಳಿಯದು. ತಿಳಿದಿದ್ದರೆ ಕಾಗದ ಬರೆಯದೆ ಎದುರಿಗೇ ಬಂದು ಕೇಳುತ್ತಿದ್ದೆ. ಕ್ಷೇಮ ಸಮಾಚಾರ ಆಮೇಲೆ. ಮೊದಲು ಅಕ್ಕನ ವಿಷಯ. ನಿಮ್ಮ ಹೆಂಡತಿ ನಿಮ್ಮ ಮೇಲೆ ಒಂದು ಗುಮಾನಿ ಇಟ್ಟುಕೊಂಡಿದ್ದಳು. ಅದನ್ನು ಹೋಗಲಾಡಿಸುವ ಕೆಲಸ ನನ್ನ ತಲೆಗೆ ಬಿತ್ತು. ಹೋಗಲಾಡಿಸಿದೆ. ಆದರೆ ಅದು ಹೋದ ಮೇಲೆ ಉಳಿದದ್ದಿದೆಯಲ್ಲ...

ನೆನಪಿದೆಯಾ, ಮೊದಲ ಭಾನುವಾರ? ನಾನು ಚಾಮರಾಜನಗರದಿಂದ ಬೆಳಗಿನ ಬಸ್ಸಿಗೆ ಬಂದು ಗುಂಡ್ಲುಪೇಟೆಯ ನಿಮ್ಮ ಮನೆಯಲ್ಲಿ ಇಡ್ಲಿ ತಿಂದು ಕೈ ತೊಳೆಯುತ್ತಿದ್ದೆ. ನೀವು ಇಸ್ತ್ರಿ ಪಂಚೆಯುಟ್ಟು ಬಾಗಿಲಲ್ಲಿ ನಿಂತು ಕಣ್ಣಲ್ಲೇ ಕರೆದಿರಿ. ಅಡುಗೆಮನೆಯಿಂದ ಅಕ್ಕ, "ಎಲ್ಲಿಗೆ ಇಬ್ರೂ?" ಅಂದಳು. "ಎತ್ತು ನೋಡ್ಕಂಡು ಬತ್ತೀವಿ" ಅಂದಿರಿ. "ಇವುನ್ಯಾಕೆ?" "ಸುಳಿ ನೋಡಕೆ." ನಮ್ಮ ಸೀಮೆಯಲ್ಲಿ ಎತ್ತು ನೋಡಲು ಯಾರೂ ಒಬ್ಬರೇ ಹೋಗುವುದಿಲ್ಲ, ಮೈಮೇಲಿನ ಸುಳಿಯ ಒಳಿತು ಕೆಡುಕು ಬಲ್ಲವನೊಬ್ಬ ಜೊತೆಗಿರಬೇಕು, ಸರಿ. ಆದರೆ ನಾನು ಕನ್ನಡ ಬಿ.ಎ., ಸೊಸೈಟಿಯ ಗುಮಾಸ್ತ. ನನಗೆ ಪರಿಚಯವಿದ್ದ ಸುಳಿ ನನ್ನ ನೆತ್ತಿಯದೊಂದೇ, ಅದೂ ಆಗಲೇ ಕೂದಲಿನ ಜೊತೆ ಹೊರಟುಹೋಗುತ್ತಿತ್ತು.

ಬೀದಿಗೆ ಬಂದ ಮೇಲೆ, ಎತ್ತೂ ಇಲ್ಲ ಏನೂ ಇಲ್ಲ, ಸುಮ್ಮನೆ ನಡೆದು ಬರೋಣ ಅಂದಿರಿ. ನಾನು ಕೇಳಿದ್ದೆ, ನಡೆಯಲು ಹೋಗುವುದಕ್ಕೆ ಸುಳ್ಳು ಯಾಕೆ ಭಾವ ಅಂತ. "ಅರಿಸ್ನದ ಮಂಡಿಯೋನು ಬಸ್ಸಿಗೆ ಕಾಸಿದ್ದೂ ಸುಮ್ಕೆ ನಡ್ಕಂಡೋದ ಅಂದ್ರೆ ಮಂಡಿ ಮುಳುಗ್ತು ಅಂತಾರೆ ಕಣಯ್ಯಾ. ಇಲ್ಲಾ ತಲೆ ಕೆಡ್ತು ಅಂತಾರೆ" ಅಂದಿರಿ. ಸುಳ್ಳಲ್ಲ. ದಾರಿಯಲ್ಲಿ ಸಿಕ್ಕವರೆಲ್ಲ, "ಏನ್ ಸ್ವಾಮಿ, ದನ ಕಳ್ಕಂಡ್ರಾ?" ಎಂದೇ ಕೇಳುತ್ತಿದ್ದರು. ಕೆಲವರು ನಮ್ಮ ಜೊತೆ ಒಂದಷ್ಟು ದೂರ ಹುಡುಕಿಯೂ ಕೊಟ್ಟರು.

ಬೇಗೂರಿಗೆ ಮುಂಚೆಯೇ ಬಸ್ಸಿಳಿದು, ಅರಿಶಿನದ ಹೊಲಗಳ ಬದುವಿನ ಮೇಲೆ ಹಾದು ಹೊಳೆ ಸೇರುತ್ತಿದ್ದ ಆ ಹೊತ್ತುಗಳು ಈಗಲೂ ಕಣ್ಣ ಮುಂದಿವೆ. ನೀರಿಗಿಂತ ಮರಳೇ ಹೆಚ್ಚಿದ್ದ ಹೊಳೆ. ದಂಡೆಗೆ ಹೊಂಗೆಯ ನೆರಳು. ದಾಟಿದರೆ ಕುರುಚಲು ಕಾಡು, ಕಗ್ಗಲಿ ಮುಳ್ಳು, ಲಂಟಾನದ ನಡುವೆ ಆಡುಗಳು ಸವೆಸಿದ ಕಾಲುದಾರಿ. ಎಲ್ಲೋ ಗೌಜಲ ಹಕ್ಕಿ ಕೂಗಿದರೆ ನೀವು ಮಾತಿನ ಮಧ್ಯೆಯೇ ನಿಂತುಬಿಡುತ್ತಿದ್ದಿರಿ. ದಿಬ್ಬ ಹತ್ತಿದರೆ ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟ, ಅದರ ನೆತ್ತಿಗೆ ಮೋಡ. ಒಮ್ಮೆ ನಾನು ತಡೆಯಲಾರದೆ,

"ಹೊಳೆಯ ಬದಿಗೆ ಹೊಂಗೆ ಸಾಲು, ಹೊಂಗೆ ಬದಿಗೆ ಹಾದಿ;
ಹಾದಿ ತುಂಬ ನಮ್ಮ ಕಾಲು, ಕಾಲಿಗಿಲ್ಲ ವ್ಯಾಧಿ"

ಅಂದೆ. ನೀವು ಗಂಭೀರವಾಗಿ ಯೋಚಿಸಿ, "ಕಾಲಿಗಿಲ್ಲ, ಸರಿ. ಈ ಪ್ರಾಸ ಅನ್ನದು ವ್ಯಾಧಿ ಅಲ್ವೇನಯ್ಯಾ?" ಅಂದಿರಿ.

ಪೊಲೀಸ್ ಜೀಪು ನಿಂತ ದಿನ ನೆನಪಾದರೆ ನನಗೆ ಈಗಲೂ ನಗು. ಕಾಡುಗಳ್ಳರನ್ನು ಹುಡುಕುತ್ತ, ಕಾಡಿನ ಕಡೆ ತಲೆ ಹಾಕಿದವರನ್ನೆಲ್ಲ ನಿಲ್ಲಿಸಿ ವಿಚಾರಿಸುತ್ತಿದ್ದ ಕಾಲ. "ಎಲ್ಲಿಗೆ?" ಅಂದರು. ನೀವು ಅಭ್ಯಾಸಬಲದಿಂದ, "ಎತ್ತು ನೋಡಕೆ ಸಾರ್" ಅಂದುಬಿಟ್ಟಿರಿ. "ಕಾಡಲ್ಲಿ?" ಅಂದ ಸಾಹೇಬರು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟು ಇಸ್ತ್ರಿ ಮಾಡ್ಕೊಂಡು ಕಾಡಿಗೆ ಬರೋರನ್ನ ನಾವು ಹುಡುಕ್ತಿಲ್ಲ, ಮನೆಗೆ ಹೋಗಿ" ಅಂದರು. ಪೊಲೀಸರಿಗೂ ನಿಜ ಹೇಳಲಾರದಷ್ಟು ನಾಚಿಕೆ ಯಾಕಿತ್ತು ಭಾವ, ನಡೆಯುವುದರಲ್ಲಿ?

ಈಗ ಅಕ್ಕನ ವಿಷಯ. ಹಿಂದಿನ ತಿಂಗಳು ನಿಮ್ಮ ಮನೆಗೆ ಹೋದಾಗ ಅವಳು ಕಾಫಿ ಲೋಟ ಕೊಟ್ಟು ಎದುರಿಗೇ ಕೂತಳು.

"ಒಂದ್ ಮಾತು ಕೇಳ್ತೀನಿ, ದಿಟ ಹೇಳು. ಬೇಗೂರ್ ಕಡೆಯೋಳ ಹೆಸ್ರೇನು?"

"ಯಾರ ಹೆಸ್ರಕ್ಕ?"

"ನಾಟ್ಕ ಆಡ್ಬ್ಯಾಡ ಕಣ್ಲಾ. ನಾನೂ ಎತ್ತು ಕಟ್ಟಿದ ಆರಂಬಗಾರನ ಮಗ್ಳೇ. ವರ್ಸಗಟ್ಲೆ ಎತ್ತು ನೋಡಕೋದ ಮನ್ಸ ಒಂದ್ ಮೂಗುದಾರನೂ ತರ್ನಿಲ್ಲ. ಯಾವಾಗ್ಲೂ ಒಂದೇ ಕಡೆ ಇಳೀತಿದ್ರಂತೆ, ಪಕ್ಕದ್ಮನೆಯೋರು ನೋಡವ್ರೆ. ಬರೋವಾಗ ಮಖ ಬೇರೆ ನಗನಗ್ತಾ ಇರದು."

"ಸುಮ್ಕೆ ನಡೀತಿದ್ದೊ ಅಕ್ಕ."

"ಸುಮ್ಕೆ?"

"ಸುಮ್ಕೆ."

ಅವಳು ನನ್ನನ್ನೇ ನೋಡಿ, "ಅಷ್ಟು ಓದಿದೀಯ. ಅದ್ಕಿಂತ ಒಳ್ಳೆ ಸುಳ್ಳು ಸಿಗ್ನಿಲ್ವ?" ಅಂದಳು. ಆಮೇಲೆ ದನಿ ಇಳಿಯಿತು. "ದಿನಾ ಫೋಟೋಕ್ಕೆ ಹೂ ಇಡ್ತೀನಿ ಮಾದೇಸ. ಇಡ್ಬೇಕೋ ಬ್ಯಾಡ್ವೋ, ಅದ್ನಾರೂ ಹೇಳು."

ಇದಕ್ಕೆ ಬಾಯಿಮಾತಿನ ಉತ್ತರ ಸಾಲದು ಅನ್ನಿಸಿತು. ಮಾರನೆಯ ಭಾನುವಾರವೇ ಅವಳನ್ನು ಕರೆದುಕೊಂಡು ಹೊರಟೆ. ಊರೆಲ್ಲ ಟಿ.ವಿ. ಮುಂದಿತ್ತು, ಯಾರೂ ನೋಡಲಿಲ್ಲ. ಅಕ್ಕ ಬಸ್ಸಿಳಿದವಳೇ ಸೆರಗು ಸಿಕ್ಕಿಸಿ, ಜಗಳಕ್ಕೆ ಹೊರಟವಳ ಹಾಗೆ ಬದು ಹಿಡಿದು ನಡೆದಳು. ದೂರದಲ್ಲಿ ಹೆಂಚಿನ ಮನೆ ಕಂಡರೆ, "ಅದಾ?" ಅನ್ನುವಳು. ಅಲ್ಲ ಅಂದರೆ ಮುಂದೆ. ಪಂಪ್‌ಸೆಟ್ಟಿನ ಕೊಠಡಿಯನ್ನೂ ಬಿಡದೆ ಬಗ್ಗಿ ನೋಡಿದಳು.

ಹೊಳೆ ದಂಡೆಯಲ್ಲಿ ಆಡು ಮೇಯಿಸುವ ಕೆಂಪಮ್ಮ ನಿಮಗೆ ಗೊತ್ತಲ್ಲ, ಅವಳು ಕೋಲೂರಿಕೊಂಡು ಎದ್ದು ಬಂದು, "ಯಾಕ್ ಸ್ವಾಮಿ, ಯಜಮಾನ್ರು ಬರ್ನೇ ಇಲ್ಲ?" ಅಂದಳು. ಅಕ್ಕ ಥಟ್ಟನೆ ನಿಂತಳು. ಹಲ್ಲಿಲ್ಲದ ಆ ಬಾಯಿ, ಗೂನು ಬೆನ್ನು, ಎಲ್ಲವನ್ನೂ ನಿಧಾನವಾಗಿ ನೋಡಿದಳು. ನೀವು ತೀರಿಕೊಂಡ ವಿಷಯ ನಾನು ಹೇಳಿದೆ. ಕೆಂಪಮ್ಮ ಲೊಚಗುಟ್ಟಿ, ಅಕ್ಕನ ಕೈ ಹಿಡಿದು, "ನೀನು ಮನೆಯೋಳಾ ತಾಯಿ? ಒಳ್ಳೆ ಮನ್ಸ. ಆದ್ರೂ ಮನೇಲಿ ಕೆಲ್ಸ ಇರ್ನಿಲ್ವ ಅವ್ರಿಗೆ? ಬರದು, ನೀರ್ ನೋಡದು, ಹೋಗದು" ಅಂದಳು.

"ಇತ್ತು ಕಣವ್ವ" ಅಂದಳು ಅಕ್ಕ, "ಬುಟ್ಬುಟ್ಟು ಬತ್ತಿದ್ರು."

ಅಷ್ಟು ಹೇಳಿ ನಕ್ಕಳು, ಭಾವ. ನೀವು ಹೋದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ. ಗೆದ್ದೆ ಅಂದುಕೊಂಡೆ.

ದಿಬ್ಬದ ಮೇಲಿನ ಬಂಡೆಗೆ ಬಂದು ಕೂತಾಗ ಬಿಸಿಲು ಹದವಾಗಿತ್ತು. ನೀವು ಕೂರುತ್ತಿದ್ದ ಜಾಗ ತೋರಿಸಿದೆ. ಅಕ್ಕ ಅಲ್ಲಿ ಕೂರದೆ ಪಕ್ಕದಲ್ಲಿ ಕೂತಳು. ಬೆಟ್ಟ, ಮೋಡ, ಕೆಳಗೆ ಹೊಳೆ. ಎಲ್ಲ ನೋಡಿ ಮೆಲ್ಲಗೆ, "ಇಷ್ಟೇಯಾ?" ಅಂದಳು. ಇಷ್ಟೇ ಅಂದೆ.

"ಇನ್ನೊಬ್ಳು ಇದ್ದಿದ್ರೆ ವಾಸಿಯಾಗಿತ್ತು ಕಣ್ಲಾ. ಬಾಗ್ಲಿಗೋಗಿ ನಿಂತು ಬೈಬೋದಿತ್ತು. ಈ ಮರದ್ ಮೇಲೆ ಏನಂತ ಜಗಳ ಆಡ್ಲಿ?" ಕಾಲು ನೀವಿಕೊಳ್ಳುತ್ತ, "ಒಂದ್ ಸಲ, ಒಂದೇ ಒಂದ್ ಸಲ, ನಡಿ ಹೋಗನ ಅನ್ಬೋದಿತ್ತಲ್ಲ. ನಂಗೂ ಕಾಲಿದ್ದೊ" ಅಂದಳು.

ಇದೇ ಭಾವ, ಉಳಿದದ್ದು. ಮಂಡಿಯವನು ನಡೆದರೆ ಜನ ಆಡಿಕೊಳ್ಳುತ್ತಾರೆ, ಒಪ್ಪಿದೆ. ಹೆಂಡತಿಯೂ ಆಡಿಕೊಳ್ಳುತ್ತಾಳೆ ಅಂದುಕೊಂಡಿರಾ? ಅಥವಾ ನಿಮ್ಮದು ನಡಿಗೆ, ಅವಳದು ಅಡಿಗೆ ಅಂತ ನನ್ನ ಹಾಗೆ ನೀವೂ ಪ್ರಾಸ ಹಾಕಿ ಸುಮ್ಮನಾದಿರಾ? ಇಲ್ಲ, ಕೇಳಬೇಕೆಂದು ಬಾಗಿಲವರೆಗೆ ಬಂದು, ಬಾಯಿಗೆ ಎತ್ತು ಬಂದುಬಿಡುತ್ತಿತ್ತೋ... ಅದನ್ನು ನೀವೇ ಹೇಳಬೇಕಿತ್ತು. ನಿಮ್ಮ ಪರವಾಗಿ ನಾನು ಏನನ್ನೂ ಹೊಸೆದು ಹೇಳಲಿಲ್ಲ. ಅವಳೂ ಒತ್ತಾಯಿಸಲಿಲ್ಲ. ಇಳಿಯುವಾಗ ಗೌಜಲ ಹಕ್ಕಿ ಕೂಗಿತು. ಅವಳು ನಿಂತು ಕೇಳಿ ಮುಂದೆ ನಡೆದಳು.

ಇನ್ನು ಕ್ಷೇಮ ಸಮಾಚಾರ. ಈ ವೈಶಾಖದಲ್ಲಿ ನಿಮ್ಮ ಮಗನ ಮದುವೆಯಾಯಿತು. ಸೊಸೆ ಹರವೆ ಕಡೆಯವಳು, ಮಿತಭಾಷಿ, ಬಂದಾಗಿನಿಂದ ಹಿತ್ತಿಲು ದಾಟಿದವಳಲ್ಲ. ಫೋಟೋಕ್ಕೆ ಹೂ ತಪ್ಪಿಲ್ಲ. ಅಕ್ಕ ಮಾತ್ರ ಭಾನುವಾರ ನನ್ನ ಬಸ್ಸಿಗೆ ಮೊದಲೇ ತಯಾರಾಗಿರುತ್ತಾಳೆ. ನಿನ್ನೆಯೂ ಹಾಗೇ ಹೊರಟು ಹೊಸಿಲಲ್ಲಿದ್ದೆವು. ಅಡುಗೆಮನೆಯಿಂದ ಸೊಸೆ, "ಎಲ್ಲಿಗತ್ತೆ?" ಅಂದಳು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ. ಅಕ್ಕ ಕೈಯಲ್ಲೇ ತಡೆದಳು.

"ನಡ್ಯಕೆ."

"ಯಾವ್ ಊರಿಗೆ?"

"ಯಾವ್ ಊರ್ಗೂ ಇಲ್ಲ ಕಣಮ್ಮಿ. ಸುಮ್ಕೆ. ಒಲೆ ಆರ್ಸಿ ನೀನೂ ಬಾ."

ಒಳಗೆ ಸ್ಟೌ ಆರಿದ ಸದ್ದು, ಚಪ್ಪಲಿ ಹುಡುಕುವ ಸದ್ದು.

ನಿಮ್ಮ ಭಾಮೈದ,
ಮಾದೇಶ